ಸ್ಪೇಸ್ ಬಾರಿನ ಅಡಿಯಲ್ಲಿ

"ಇನ್ನು ಹೊಗೆಸೊಪ್ಪು ಬಾಯಿಗೆ ಹಾಕಿದರೆ ಈ ಮಗಳಾಣೆ," ಎಂದು ಮಹಾಗಣಪತಿ ಹೇಳಿದ್ದು ಮಂಗಳೂರಿನ ಆಸ್ಪತ್ರೆಯಲ್ಲಿ, ಕೆನ್ನೆಯ ಆಪರೇಷನ್ನಿನ ಹಿಂದಿನ ಸಂಜೆ. ಮಗಳು ಸಮನ್ವಿತಾ ಆಗ ಎಂಟನೇ ಕ್ಲಾಸು. ಅಪ್ಪನ ಅಂಗೈ ತಲೆಯ ಮೇಲಿದ್ದಷ್ಟು ಹೊತ್ತೂ ಅಲುಗಾಡದೆ ನಿಂತಿದ್ದಳು. ಹೆಂಡತಿ ಗೋದಾವರಿಗೆ ಮಾತ್ರ ಸಿಟ್ಟು ಬಂದಿತ್ತು. "ಆಣೆ ಹಾಕ್ಲಿಕ್ಕೆ ನಿಮ್ಮ ತಲೆ ಇರ್ಲಿಲ್ವಾ?"

ಅದಾಗಿ ಆರು ವರ್ಷ. ಆದಿತ್ಯವಾರ ಬೆಳಿಗ್ಗೆ, ನರಿಮೊಗರಿನ ಮನೆಯ ಚಾವಡಿಯಲ್ಲಿ ಕೂತು ಮಹಾಗಣಪತಿ ಕೀಬೋರ್ಡಿಗೆ ಗುದ್ದುತ್ತಿದ್ದ. ಆಪರೇಷನ್ ಆದಮೇಲೆ ಅವನ ಬಾಯಿ ಎರಡು ಬೆರಳು ಹೋಗುವಷ್ಟೇ ತೆರೆಯುತ್ತದೆ. ಹೋಟೆಲಿನ ಗಲ್ಲಾದಲ್ಲಿ ಕೂತು ಗಿರಾಕಿಗಳ ಹತ್ತಿರ ಮಾತಾಡುವ ಕೆಲಸ ಬಿಟ್ಟು, ಈಗ ಪುತ್ತೂರಿನ ಪ್ರೆಸ್ಸಿಗೆ ಆಮಂತ್ರಣ ಪತ್ರಿಕೆ ಟೈಪ್ ಮಾಡಿಕೊಡುತ್ತಾನೆ. ಇವತ್ತು ಮಧ್ಯಾಹ್ನದೊಳಗೆ ಒಂದು ಮದುವೆ ಕಾಗದ ಹೋಗಬೇಕು. ಆದರೆ ವರನ ಹೆಸರು ಬರೆದು ವಧುವಿನ ಹೆಸರಿಗೆ ಬರುವಷ್ಟರಲ್ಲಿ ಕರ್ಸರ್ ತಾನಾಗಿ ಓಡತೊಡಗಿತು. ಸಾಲು ಬಿಟ್ಟು ಸಾಲಿಗೆ, ಪುಟ ಬಿಟ್ಟು ಪುಟಕ್ಕೆ, ಬರೀ ಖಾಲಿ ಜಾಗ.

"ವಯರು ಎಳೆದು ಹಾಕಿ ಆಯ್ತು. ಹಿಂದಿನ ತೂತಿಗೆ ಚುಚ್ಚಿ ಆಯ್ತು. ಎರಡೆರಡು ಸಲ ಆಫ್ ಮಾಡಿ ಆನ್ ಮಾಡಿ ಆಯ್ತು. ಇನ್ನು ಇದಕ್ಕೆ ಎಂತ, ಆರತಿ ಎತ್ತಬೇಕಾ?" ಎಂದು ಅವನು ಹಲ್ಲಿನ ಸಂದಿಯಿಂದಲೇ ಕಿರುಚಿದ. ಅಷ್ಟರಲ್ಲಿ ಪ್ರೆಸ್ಸಿನ ಶುಕೂರನ ಫೋನು ಬಂತು. "ಆಗ್ತದೆ ಮಾರಾಯ! ನಿನ್ನ ಮೆಷಿನೆಂತ ಓಡಿಹೋಗ್ತದಾ?" ಎಂದು ಅವನಿಗೂ ಬೈದು ಫೋನಿಟ್ಟ.

ಕಿಟಕಿಯ ಹತ್ತಿರ ರವಕೆ ಹೊಲಿಯುತ್ತಿದ್ದ ಗೋದಾವರಿ ಎದ್ದು ಬಂದಳು. "ಗುದ್ದಿದರೆ ಸರಿಯಾಗ್ಲಿಕ್ಕೆ ಇದು ಹಳೇ ರೇಡಿಯೋ ಅಲ್ಲ. ಸರೀರಿ ಆಚೆ." ಬಗ್ಗಿ ನೋಡಿದಳು. "ಈ ಉದ್ದದ ಕೀ ಕಾಣುದಿಲ್ವಾ ನಿಮಗೆ? ಒಂದು ಬದಿ ಎದ್ದಿದೆ, ಇನ್ನೊಂದು ಕೂತೇ ಉಂಟು. ಅಡಿಯಲ್ಲಿ ಎಂತದೋ ಸಿಕ್ಕಿಕೊಂಡಿದೆ."

"ಬಿಚ್ಚಬೇಡ ಅಮ್ಮ, ಮುರೀತದೆ." ಪರೀಕ್ಷೆಯ ರಜೆಗೆ ಹಾಸ್ಟೆಲಿನಿಂದ ಬಂದಿದ್ದ ಸಮನ್ವಿತಾ ಕೋಣೆಯ ಬಾಗಿಲಿಗೆ ಬಂದಿದ್ದಳು. "ನಾಳೆ ಪುತ್ತೂರಿಂದ ಹೊಸದು ತರುವ."

"ನಾಳೆಯವರೆಗೆ ಆ ಮದುಮಗಳು ಹೆಸರಿಲ್ಲದೆ ಕೂತ್ಕೊಳ್ಳುದಾ?"

ಗೋದಾವರಿ ಕೀಬೋರ್ಡನ್ನು ಪೇಪರಿನ ಮೇಲೆ ಕವುಚಿ ಹಾಕಿ ಬೆನ್ನಿಗೆ ತಟ್ಟಿದಳು. ಕೂದಲು, ಅವಲಕ್ಕಿ ಚೂರು, ಧೂಳು ಉದುರಿದವು. ಮತ್ತೆ ಹೊಲಿಗೆ ಮೆಷಿನಿನ ಸಣ್ಣ ಸ್ಕ್ರೂಡ್ರೈವರಿನ ತುದಿ ತೂರಿಸಿ ಸ್ಪೇಸ್ ಬಾರನ್ನು ಮೇಲಕ್ಕೆ ಎಬ್ಬಿಸಿದಳು. ಅಡಿಯಲ್ಲಿ ಹುಣಸೆಬೀಜದಷ್ಟು ದೊಡ್ಡ ಬಿಳಿ ಚೀಲವೊಂದು ಅಪ್ಪಚ್ಚಿಯಾಗಿ ಕೂತಿತ್ತು. ಒಂದು ಬದಿ ಕಂದು ಕಲೆ. ಯಾರೋ ಬಂದ ಸದ್ದಿಗೆ ಅವಸರದಲ್ಲಿ ತುರುಕಿದ ಹಾಗೆ. ಅವಳು ಅದನ್ನು ಮೂಗಿನ ಹತ್ತಿರ ಹಿಡಿದಳು. ಪೆಪ್ಪರ್‌ಮಿಂಟಿನ ಪರಿಮಳದ ಹಿಂದೆ ಹೊಗೆಸೊಪ್ಪಿನ ಆ ವಾಸನೆ ಇತ್ತು. ಮದುವೆಯಾದಂದಿನಿಂದ ಗಂಡನ ತಲೆದಿಂಬಿನಲ್ಲಿ, ಅಂಗಿಯ ಕಿಸೆಯಲ್ಲಿ ಇದ್ದದ್ದು.

"ಇದಕ್ಕಾ?" ಅವಳು ಅದನ್ನು ಗಂಡನ ಮುಖದೆದುರು ಹಿಡಿದಳು. "ಆರು ವರ್ಷ ಗಂಜಿ ಕಡೆದು ಸೋಸಿ ಬಟ್ಟಲಿಗೆ ಹಾಕಿ ಕೊಟ್ಟದ್ದು ಇದಕ್ಕಾ? ಚೆಕಪ್ಪಿಗೆ ಹೋಗುವ ಪ್ರತಿ ಸಲ ಬಸ್ಸಿನಲ್ಲಿ ಕಣ್ಣುಮುಚ್ಚಿ ದೇವರಿಗೆ ಹರಕೆ ಹೇಳಿದ್ದು ಇದಕ್ಕಾ? ನಿಮಗೆ ಸಾಯ್ಲಿಕ್ಕೆ ಇಷ್ಟು ಆಸೆ ಇದ್ದರೆ ಆಗಲೇ ಹೇಳಬಹುದಿತ್ತಲ್ಲ!"

ಮಹಾಗಣಪತಿ ಅವಳ ಕೈಯಿಂದ ಅದನ್ನು ಕಿತ್ತುಕೊಂಡು ತಿರುಗಿಸಿ ನೋಡಿದ. "ಎಂತದಿದು? ಚಾಯದ ಪುಡಿಯದ್ದಾ?"

"ನಾಟಕ ಬೇಡ!"

"ನನಗೆ ಎಲೆ ಗೊತ್ತುಂಟು, ಸುಣ್ಣ ಗೊತ್ತುಂಟು, ಹೊಗೆಸೊಪ್ಪಿನ ಕಡ್ಡಿ ಗೊತ್ತುಂಟು. ಇದು ಗೊತ್ತಿಲ್ಲ." ಅವನ ಕುತ್ತಿಗೆಯ ನರ ಉಬ್ಬಿತ್ತು. "ನಾನು ಹಾಕಿದ್ದರೆ ಹಾಕಿದೆ ಅಂತ ಹೇಳುವವ."

"ಮಗಳ ತಲೆ ಮೇಲೆ ಕೈ ಇಟ್ಟವರ ಬಾಯಲ್ಲಿ ಬರುವ ಮಾತಾ ಇದು? ನಾಚಿಕೆ ಇಲ್ಲದವರು! ಈ ಕಂಪ್ಯೂಟರ್ ಮುಂದೆ ಕೂತ್ಕೊಳ್ಳುದು ನೀವಲ್ಲದೆ ಮತ್ತೆ ಯಾರು, ಪಕ್ಕದ ಮನೆಯವರಾ?"

"ಅಮ್ಮ, ಸುಮ್ಮನೆ ಅಪ್ಪನಿಗೆ ಬೈಬೇಡ!" ಸಮನ್ವಿತಾಳ ಕೂಗಿಗೆ ಇಬ್ಬರೂ ತಿರುಗಿದರು. "ಅಪ್ಪನಿಗೆ ಅದನ್ನು ಇಟ್ಕೊಳ್ಳಲಿಕ್ಕೇ ಆಗುದಿಲ್ಲ. ಆಪರೇಷನ್ ಆದ ಬದಿ ತುಟಿ ಎಳೀಲಿಕ್ಕೆ ಬರುದಿಲ್ಲ ಅವರಿಗೆ. ಅದು ಜಗಿಯುದಲ್ಲ. ಕೆಳತುಟಿಯ ಒಳಗೆ ಇಡುದು."

ಫೋನು ಮತ್ತೆ ಹೊಡೆದುಕೊಂಡು ತಾನಾಗಿ ನಿಂತಿತು.

"ನಿನಗೆ ಹೇಗೆ ಗೊತ್ತು?" ಗೋದಾವರಿ ಕೇಳಿದಳು.

ಸಮನ್ವಿತಾ ನೆಲ ನೋಡಿದಳು. "ಇದು ಇಟ್ಟರೆ ರಾತ್ರಿ ಇಲ್ಲಿ ಕೂತು ಓದುವಾಗ ನಿದ್ದೆ ಬರುದಿಲ್ಲ ಅಂತ... ಹಾಸ್ಟೆಲಲ್ಲಿ ತುಂಬಾ ಜನ ಇಡ್ತಾರೆ ಅಮ್ಮ. ನಾನು ಬಿಡ್ತೇನೆ. ಆಣೆ..."

"ಆಣೆ ಹಾಕಿದರೆ ಕೆನ್ನೆಗೆ ಬಿಡ್ತೇನೆ!" ಗೋದಾವರಿ ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಅವಳು ಗಂಡನ ಕಡೆಗೆ ತಿರುಗಿ ಅವನ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದಳು.

"ಇದು ನಿಮ್ಮದು ಅಂತ ಹೇಳಿ," ಎಂದಳು. "ನಾನು ಇನ್ನು ಒಂದು ಮಾತು ಬೈಯುದಿಲ್ಲ. ನಿಮ್ಮದೇ ಅಂತ ಹೇಳಿ ಒಮ್ಮೆ."

ಮಹಾಗಣಪತಿ ಹೇಳಲಿಲ್ಲ. ಕೊಟ್ಟ ಮಾತನ್ನು ಅವನು ಮುರಿದಿರಲಿಲ್ಲ.