ನೋಟೀಸು ತಿಂದ ಹೋತ

"ಸಾಹೇಬ್ರ, ನನ್ನ ಡಬ್ಬಿ?"

ಚಹಾದಂಗಡಿ ಹಾಜಿರಾಬಿ ಆ ವಾರ ಪುರಸಭೆ ಕಚೇರಿಯ ಬಾಗಿಲಿಗೆ ಬಂದದ್ದು ಇದು ಮೂರನೆಯ ಸಲ. ಮುಖ್ಯಾಧಿಕಾರಿ ಗಂಗಾರಾಮ ಸಾಹೇಬರು ಮುಂದಿದ್ದ ಫೈಲನ್ನು ಮೊಣಕೈಯಿಂದ ಮುಚ್ಚಿದರು. ಡಬ್ಬಿ ಬರೀ ನೆಪ, ಇವಳ ಕಣ್ಣಿರುವುದು ಫೈಲಿನ ಮೇಲೆ ಎಂದು ಅವರಿಗೆ ಖಾತ್ರಿಯಿತ್ತು.

"ಹಬ್ಬದ ಊಟ ಭಾಳ ಚಲೋ ಇತ್ತವಾ. ಡಬ್ಬಿ ಮನ್ಯಾಗೈತಿ, ಕಳಸ್ತೇನಿ. ಮೊದ್ಲ ನಿನ್ನ ಹೋತ ಕಟ್ಟಿ ಹಾಕು."

"ಯಾಕ್ರಿ, ಏನ್ ಮಾಡ್ತು?"

"ಇವತ್ತೂ ನೋಟೀಸು ತಿಂದೈತಿ."

ಹಾಜಿರಾಬಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊರಗೆ ನಡೆದಳು. ನಾಚಿಕೆಯಾಗಿರಬೇಕು.

ಫೈಲಿನಲ್ಲಿದ್ದದ್ದು ಸಂತೆ ಮೈದಾನ. ಹಳಿಯಾಳದ ಬಸ್ಸು ನಿಲ್ಲುವ ಜಾಗ. ಹಾಜಿರಾಬಿಯ ಚಹಾ, ಶಿವವ್ವನ ಕಾಯಿಪಲ್ಲೆ, ಇನ್ನೂ ಇಪ್ಪತ್ತು ಜನರ ಹೊಟ್ಟೆಪಾಡು ನಡೆಯುತ್ತಿದ್ದ ಸರಕಾರಿ ನೆಲ. ಸೂಪಾ ಡ್ಯಾಮಿನ ಕೆಲಸ ಮುಗಿಸಿ ಬಂದ ಗುತ್ತಿಗೆದಾರನೊಬ್ಬನಿಗೆ ಅದನ್ನು ಕೊಟ್ಟು, ಎರಡಂತಸ್ತಿನ ಮಳಿಗೆ ಕಟ್ಟಿಸುವುದೆಂದು ಠರಾವಾಗಿತ್ತು. ಕವಡೆ ಬೆಲೆಗೆ ಹೊರಟಿದೆ ಎಂಬ ಗುಸುಗುಸು. ಆದರೆ ಎಷ್ಟು ಬೆಲೆ ಕಟ್ಟಿದ್ದಾರೆಂದು ಯಾರಿಗೂ ಗೊತ್ತಿಲ್ಲ. ನಿಯಮದ ಪ್ರಕಾರ ಆ ಅಂಕಿಯನ್ನು ಏಳು ದಿನ ಮೈದಾನದ ಗೋಡೆಗೆ ಹಚ್ಚಬೇಕು. ತಕರಾರು ಬರದಿದ್ದರೆ ಎಂಟನೆಯ ದಿನ ನೆಲ ಕೈಬಿಟ್ಟಂತೆ.

ಹಚ್ಚುತ್ತಿದ್ದರು. ದಿನಾ ಬೆಳಕು ಹರಿಯುವ ಮೊದಲೇ ಸಿಪಾಯಿ ಉಳವಪ್ಪ ಮೈದಾಹಿಟ್ಟಿನ ಅಂಟು ಹಿಡಿದು ಬರುತ್ತಿದ್ದ. ಜನ ಬರುವ ಹೊತ್ತಿಗೆ ಗೋಡೆಯ ಮೇಲೆ ಹಸಿ ಅಂಟು, ಅದರಲ್ಲಿ ಹೆಬ್ಬೆರಳಗಲದ ಕಾಗದದ ಮೂಲೆ. ಅಷ್ಟೇ. ಯಾರೂ ಅನುಮಾನ ಪಡಲಿಲ್ಲ. ಹಣೆಯ ಮೇಲೆ ಬಿಳೀ ಚುಕ್ಕೆಯಿದ್ದ ಹಾಜಿರಾಬಿಯ ಕರೀ ಹೋತ, ಅಂಟಿನ ರುಚಿಗೆ ಬಿದ್ದು, ಹಿಂದಿನ ವರ್ಷ ಟಾಕೀಸಿನ ಪೋಸ್ಟರನ್ನೂ ದನದ ಲಸಿಕೆಯ ಪ್ರಕಟಣೆಯನ್ನೂ ತಿಂದು ಮುಗಿಸಿದ್ದು ಊರಿಗೇ ಗೊತ್ತಿತ್ತು.

"ಹೋಗ್ಲಿ, ರೇಟು ಬಾಯಿಲೇ ಹೇಳ್ರಲಾ," ಎಂದು ಶಿವವ್ವ ಸಾಹೇಬರನ್ನು ಕೇಳಿಯೂ ನೋಡಿದಳು.

"ಬಾಯಿಲೇ ಹೇಳಾಕ ಬರೂದಿಲ್ಲವಾ. ಕಾನೂನೈತಿ. ಗೋಡಿ ಮ್ಯಾಲ ಓದ್ಕೊ."

ಶಿವವ್ವನ ಸಿಟ್ಟೆಲ್ಲ ಚಹಾದಂಗಡಿಗೆ ತಿರುಗಿತು. "ನಿನ್ನ ಹೋತದ ಸಲುವಾಗಿ ನಾವೆಲ್ಲ ಬೀದಿಗೆ ಬೀಳೂದೇನ? ಗೂಟ ನೋಡಿದ್ರ ಖಾಲಿ, ಹಗ್ಗ ನೋಡಿದ್ರ ಮೂಲ್ಯಾಗ. ಕಟ್ಟಾಕ ಏನ್ ಧಾಡಿ ನಿನಗ?"

"ಅದನ್ನ ಕಟ್ಟೂದು ಇನ್ನ ನನ್ನ ಕೈಯಾಗಿಲ್ಲ, ಯಕ್ಕಾ."

"ಮತ್ಯಾರ ಕೈಯಾಗೈತಿ?"

ಹಾಜಿರಾಬಿ ಒಮ್ಮೆ ಕಚೇರಿಯ ಕಡೆ ನೋಡಿ, ಚಹಾ ಸೋಸಿದಳು. ಶಿವವ್ವನಿಗೆ ಅಷ್ಟು ಸಾಕಾಯಿತು. ಇವಳಿಗೆ ಹೊಸ ಮಳಿಗೆಯಲ್ಲಿ ಒಂದು ಖೋಲಿ ಸಿಗುತ್ತದೆ, ಅದಕ್ಕೇ ಹೋತ ಬಿಟ್ಟಿದ್ದಾಳೆ! ಸಂಜೆಯೊಳಗೆ ಸಂತೆಯಲ್ಲಿ ಯಾರೂ ಹಾಜಿರಾಬಿಯ ಚಹಾ ಕುಡಿಯದಾದರು.

ಎಂಟನೆಯ ದಿನ ಜಿಲ್ಲೆಯಿಂದ ಮೇಲಧಿಕಾರಿ ಬಂದರು. ಮೈದಾನದಲ್ಲೇ ಮೇಜು ಹಾಕಿಸಿದರು. ಗಂಗಾರಾಮ ಸಾಹೇಬರು ಎದ್ದು ನಿಂತು ವರದಿ ಓದಿದರು: ಏಳೂ ದಿನ ನೋಟೀಸು ಹಚ್ಚಲಾಗಿದೆ. ಏಳೂ ದಿನ ಹೋತ ತಿಂದಿದೆ.

"ಹಚ್ಚಬೇಕು ಅಂತ ಕಾನೂನಿನ್ಯಾಗೈತ್ರಿ," ಎಂದರು, ನಗು ತಡೆದುಕೊಂಡು. "ಹೋತದ ಬಾಯಿಂದ ಉಳಸಬೇಕು ಅಂತ ಎಲ್ಲೂ ಇಲ್ಲರಿ."

ಮೇಲಧಿಕಾರಿಯೂ ನಕ್ಕು ಪೆನ್ನಿನ ಟೋಪಿ ತೆಗೆದರು. "ಯಾರದರ ತಕರಾರು ಐತೇನು?"

ಹಾಜಿರಾಬಿ ಮುಂದೆ ಬಂದಳು. ಶಿವವ್ವ ಮುಖ ತಿರುಗಿಸಿ ಉಗುಳಿದಳು.

"ತಕರಾರು ಆಮ್ಯಾಲ್ರಿ. ಸಾಹೇಬ್ರು ನೋಡಿದ್ದು ನನ್ನ ಹೋತಾನ ಹೌದೋ ಅಲ್ಲೋ, ಮೊದ್ಲ ಅದನ್ನ ಬರಸ್ಕೋರಿ. ಊರಾಗ ಬ್ಯಾರೇದವರ್ವೂ ಅದಾವ."

ಗಂಗಾರಾಮ ಸಾಹೇಬರು ಖುಷಿಯಿಂದಲೇ ಬರೆದರು. ಕರೀ ಬಣ್ಣ. ಹಣೆಯಲ್ಲಿ ಬಿಳೀ ಚುಕ್ಕೆ. ಹಾಜಿರಾಬಿಯದೇ. ಕಣ್ಣಾರೆ ಕಂಡಿದ್ದೇನೆ, ನಿನ್ನೆ ಮುಂಜಾನೆ ಸ್ವತಃ ಕೋಲು ತೆಗೆದುಕೊಂಡು ಓಡಿಸಿದ್ದೇನೆ. ಸಹಿ. ಉಳವಪ್ಪನೂ ಸಾಕ್ಷಿ ಸಹಿ ಹಾಕಿದ. ಮೇಲಧಿಕಾರಿ ಮೊಹರು ಒತ್ತಿದರು.

ಮೊಹರಿನ ಮಸಿ ಒಣಗುವ ತನಕ ಹಾಜಿರಾಬಿ ಕಾದಳು.

"ಆ ಹೋತನ್ನ ಬಕ್ರೀದಿಗೆ ಕೊಯ್ದೇವ್ರಿ, ಮೊದಲ್ನೇ ನೋಟೀಸಿಗಿಂತ ನಾಕ್ ದಿನ ಮುಂಚೆ; ಅದರ ತೊಡೀನ ಸಾಹೇಬ್ರ ಮನೀಗೆ ಕಳಿಸಿದ್ದು, ಅದರ ಡಬ್ಬೀನ ನಾ ಮ್ಯಾಲಿಂದ ಮ್ಯಾಲ ಕೇಳಾಕ ಬರ್ತಿದ್ದು."