ಬಾಲದಲ್ಲೊಂದು ಕಪ್ಪು ಚುಕ್ಕೆ

"ತಗಳಿ ಮೇಡಮ್ಮೋರೆ, ಇವತ್ತು ಎರಡು ಕೆಜಿ ಜಿಲೇಬಿ ಮೀನು!" ಎಂದು ಮೀನು ಹಿಡಿಯುವ ಜವರಪ್ಪ ತೆಪ್ಪದಿಂದಲೇ ಕೂಗಿದಾಗ ಭಾನುಪ್ರಿಯಾಳಿಗೆ ಅಳುವುದೊಂದು ಬಾಕಿ. ತೂಬಗೆರೆ ಬಳಿಯ ಆ ಕೆರೆಗೆ ಅವಳು ಬಂದದ್ದು ಅದು ಆರನೆಯ ಸಲ. ಅವಳು ಹುಡುಕುತ್ತಿದ್ದ, ಬಾಲದ ಬುಡದಲ್ಲಿ ಕಪ್ಪು ಚುಕ್ಕೆಯಿರುವ ಮೀನು ಈ ಸೀಮೆಯಲ್ಲೂ ಇದೆ ಎಂದು ಇದುವರೆಗೆ ಯಾರೂ ದಾಖಲಿಸಿರಲಿಲ್ಲ. ಒಂದನ್ನಾದರೂ ಹಿಡಿದು ತೋರಿಸದಿದ್ದರೆ ಅವಳ ಮಾತನ್ನು ನಂಬುವವರಿಲ್ಲ. ಕಾಲೇಜಿನ ಸಂಶೋಧನಾ ಗೈಡ್ ಕೊಟ್ಟ ಗಡುವು ಅವತ್ತಿಗೇ ಮುಗಿಯುತ್ತಿತ್ತು. ಐದು ದಿನದ ಜಿಲೇಬಿಗೆ ಹಾಸ್ಟೆಲಿನ ಅಡುಗೆಯವರೇ "ಸಾಕು ತಾಯಿ" ಎಂದು ಕೈಮುಗಿದಿದ್ದರು.

"ಜಿಲೇಬಿ ಯಾರಿಗ್ ಬೇಕು ಜವರಪ್ಪಣ್ಣ? ಮೊಬೈಲಲ್ಲಿ ಫೋಟೋ ತೋರ್ಸಿದ್ನಲ್ಲ, ಆ ಮೀನು!"

"ಅಯ್ಯೋ, ಕಣ್ಣಿಗೆ ಎಣ್ಣೆ ಬಿಟ್ಕಂಡು ಹುಡುಕ್ತಾವ್ನಿ ಕಣವ್ವ. ಆ ಗಾತ್ರದ್ದು ಒಂದೂ ಬೀಳ್ತಿಲ್ಲ," ಎನ್ನುತ್ತ ದಡಕ್ಕೆ ಬಂದ ಜವರಪ್ಪ, ಬಲೆಗೆ ಅಂಟಿದ್ದ ಪಾಚಿಯಿಂದ ಏನನ್ನೋ ಬಿಡಿಸಿದ. ಅವನ ಅಂಗೈಯಲ್ಲಿ ಮಿಣುಕೆಂದ ಅದರ ಬಾಲದ ಬಳಿ ಎಳ್ಳಿನಷ್ಟು ಕಪ್ಪು ಚುಕ್ಕೆ. ಅವಳು ಬಾಯಿ ತೆರೆಯುವಷ್ಟರಲ್ಲಿ ಅದನ್ನವನು ನೀರಿಗೆಸೆದಿದ್ದ.

"ಅದೇ! ಅಣ್ಣಾ, ಅದೇ!"

"ಇದಾ? ಇವು ದಿನಾ ನೂರು ಬತ್ತವೆ. ಪಾಪ, ಮರಿ, ಬದುಕ್ಕಳ್ಳಿ ಅಂತ ಬಿಟ್ಬುಡ್ತೀನಿ. ಫೋಟೋದಾಗೆ ಅಂಗೈ ಉದ್ದ ಇತ್ತಲ್ಲವ್ವ!"

"ಕಾಣ್ಲಿ ಅಂತ ದೊಡ್ಡದ್ ಮಾಡಿ ತೋರ್ಸಿದ್ದೆ ಅಣ್ಣ. ಅದು ಬೆಳೆಯೋದೇ ಹೆಬ್ಬೆಟ್ಟಿನ ಉಗುರಷ್ಟು!"

ಜವರಪ್ಪ ತನ್ನ ಹೆಬ್ಬೆಟ್ಟಿನ ಉಗುರನ್ನೊಮ್ಮೆ ನೋಡಿಕೊಂಡ. ಆಮೇಲೆ ಜಿಲೇಬಿಯ ಚೀಲವನ್ನು ದಡದ ಮೇಲೆ ಬಿಸಾಕಿ, ತೆಪ್ಪವನ್ನು ಮತ್ತೆ ನೀರಿಗೆ ತಳ್ಳಿದ.