ಮುಳುಗಿದ್ದೆಲ್ಲ ಸ್ಮಾರಕ

ಅಲೆಕ್ಸಾಂಡ್ರಿಯಾದ ಮನೆಗಳ ಮೂರನೆಯ ಮಹಡಿಯವರೆಗೆ ಸಮುದ್ರ ಏರಿ ನಿಂತು ಹನ್ನೊಂದು ವರ್ಷಗಳಾಗಿದ್ದವು. ನಾಲ್ಕನೆಯ ಮಹಡಿಯಲ್ಲಿದ್ದ ವಿಧವೆ ನಫೀಸಾಳ ಕಿಟಕಿಗೆ ಒಂದು ಬೆಳಿಗ್ಗೆ ದೋಣಿಯೊಂದು ಬಂದು ತಾಗಿತು. ಪರಂಪರೆ ಇಲಾಖೆಯ ಅಧಿಕಾರಿ ರಮ್ಜಿ ಕಿಟಕಿ ಹತ್ತಿ ಒಳಗಿಳಿದ.

"ತಾಯೀ, ನಿಮ್ಮ ಕಟ್ಟಡವನ್ನ ಸ್ಮಾರಕ ಅಂತ ಘೋಷಿಸಿದ್ದೀವಿ. ಖಾಲಿ ಮಾಡ್ಬೇಕು."

ನಫೀಸಾಳಿಗೆ ನಗು ಬಂತು. ಇಟಲಿಯ ಮೇಸ್ತ್ರಿಗಳು ಅವಳ ಮಾವನ ತಾತನಿಗೆ ಕಟ್ಟಿಕೊಟ್ಟ ಕಟ್ಟಡ ಅದು. ಬಾಲ್ಕನಿಗಳನ್ನು ಕಲ್ಲಿನ ಸಿಂಹಗಳು ಹೊತ್ತಿದ್ದವು. ಗೋಡೆ ಬಿರುಕು ಬಿಟ್ಟಾಗ ಅವಳು ದುರಸ್ತಿಗಾಗಿ ಇದೇ ಇಲಾಖೆಗೆ ಇಪ್ಪತ್ತು ವರ್ಷ ಅಲೆದಿದ್ದಳು.

"ಆಗ ಹಳೇ ಗೋಡೆ, ಕೆಡವಿ ಅಂದಿದ್ರಿ ಸಾಹೇಬ್ರೆ."

"ಆಗ ಅದು ಒಣ ನೆಲದ ಮೇಲಿತ್ತು. ನಮ್ಮೂರಿನ ಪುರಾತನ ದೀಪಸ್ತಂಭ, ರಾಣಿಯ ಅರಮನೆ, ಎಲ್ಲಕ್ಕೂ ಸಮುದ್ರದಲ್ಲಿ ಮುಳುಗಿದ ಮೇಲೇ ಅಲ್ವಾ ಬೆಲೆ ಬಂದಿದ್ದು? ನೀರಿನ ಕೆಳಗಿರೋದೆಲ್ಲ ಇಲಾಖೆಗೆ ಸೇರಿದ್ದು ಅಂತ ಕಾನೂನೇ ಇದೆ."

"ನಾನಿರೋದು ನೀರಿನ ಮೇಲೆ."

ರಮ್ಜಿ ಕಾಗದ ತಿರುವಿದ. ಕಿಟಕಿಯಿಂದ ಬಗ್ಗಿ ನೀರನ್ನೂ ನೋಡಿದ. ಅವಳ ಮಾತು ಸರಿಯಾಗಿತ್ತು.

ನಫೀಸಾ ಕೆಳಗಿನ ಮೂರು ಮಹಡಿಗಳ ಬೀಗದ ಕೈಗಳನ್ನು ಅವನಿಗೆ ಒಪ್ಪಿಸಿ ರಸೀದಿ ಕೇಳಿದಳು. ಅಷ್ಟಾದರೂ ಸಿಕ್ಕಿತೆಂದು ಅವನು ಖುಷಿಯಿಂದ ಬರೆದುಕೊಟ್ಟ.

"ಇನ್ಮೇಲೆ ಕೆಳಗಿನ ಮನೆಗಳು ನಿಮ್ಮವು," ಎಂದಳು ಅವಳು. "ಅವು ಕುಸಿದು ನನ್ನ ಮನೆ ಬಿದ್ರೆ ಹೊಣೆಯೂ ನಿಮ್ಮದೇ. ರಸೀದೀಲಿ ನಿಮ್ಮ ಹೆಸರಿದೆ."

ಮರುದಿನವೇ ಉಕ್ಕಿನ ಕಂಬಗಳನ್ನೂ ಮುಳುಗುಗಾರರನ್ನೂ ತುಂಬಿಕೊಂಡು ಇಲಾಖೆಯ ಮೂರು ದೋಣಿಗಳು ಬಂದವು. ವಾರದೊಳಗೆ ಗೋಡೆ ಭದ್ರವಾಯಿತು.

ಅದನ್ನು ನೋಡಿದ ನೆರೆಹೊರೆಯವರು ತಂತಮ್ಮ ಕೆಳಮಹಡಿಗಳನ್ನು ಸರ್ಕಾರಕ್ಕೆ ದಾನ ಮಾಡಲು ಇಲಾಖೆಯ ಬಾಗಿಲಲ್ಲಿ ದೋಣಿಗಳ ಸಾಲು ಹಚ್ಚಿದರು. ಇಲಾಖೆ ಒಳಗಿನಿಂದ ಚಿಲಕ ಹಾಕಿಕೊಂಡಿತು.